ಭಾನುವಾರದ ಚರ್ಚೆ: ನಗರದಂಚಿನ ಬಡಾವಣೆಗಳಿಗೆ ಸರ್ಕಾರದ ನೆರವು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಗರದಂಚಿನ ಹಿಂದುಳಿದ ಬಡಾವಣೆಗಳ ಬಗ್ಗೆ ಮಾತಾಡೋಣ. ಉದಾಹರಣೆಗೆ ಫ್ರಾನ್ಸ್ ಇರಲಿ.

ಅಲ್ಲಿ 2003ರ ಕಾನೂನಿನಿಂದ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಹಳೇ ಎತ್ತರದ ಕಟ್ಟಡಗಳನ್ನು ಕೆಡವಿ ಹೊಸ ಮನೆ ಕಟ್ಟುವುದು, ಉಳಿದವನ್ನು ರಿಪೇರಿ ಮಾಡುವುದು ಅದರ ಮುಖ್ಯ ಕೆಲಸ.

ಆದರೆ ಮನೆ ಒಂದೇ ಸಾಕಾಗಲ್ಲ. ಕ್ಲಿಶಿ-ಸು-ಬುವಾ ಎಂಬ ಊರನ್ನು ನೋಡಿ. ಪ್ಯಾರಿಸ್‌ನಿಂದ ಸುಮಾರು 15 ಕಿ.ಮೀ. ದೂರ ಅಷ್ಟೇ. 2005ರಲ್ಲಿ ಫ್ರಾನ್ಸ್‌ನ ಇಂಥ ಬಡಾವಣೆಗಳಿಗೆಲ್ಲ ಹಬ್ಬಿದ ಗಲಭೆ ಶುರುವಾಗಿದ್ದು ಇಲ್ಲೇ. ಇಷ್ಟು ಹತ್ತಿರ ಇದ್ದರೂ ಊರಿಗೆ ರೈಲು ನಿಲ್ದಾಣವಿರಲಿಲ್ಲ. ಮೊದಲು ಬಸ್ಸು, ಆಮೇಲೆ ರೈಲು. ಕೆಲಸಕ್ಕೆ ಹೋಗಿಬರುವುದರಲ್ಲೇ ದಿನದ ದೊಡ್ಡ ಪಾಲು ಕಳೆದುಹೋಗುತ್ತಿತ್ತು. ಟ್ರಾಮ್ ಅಲ್ಲಿಗೆ ತಲುಪಿದ್ದು 2019ರ ಡಿಸೆಂಬರ್‌ನಲ್ಲಿ. ಗಲಭೆಯಾಗಿ ಆಗಲೇ 14 ವರ್ಷ! ಇದು ತುಂಬಾ ತಡವಾಯಿತು ಅಂತಲೇ ನನ್ನ ಅನಿಸಿಕೆ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಕಟ್ಟಡ ಕೆಡವಿದಾಗ ಅಲ್ಲಿದ್ದವರು ಎಲ್ಲಿಗೆ ಹೋಗಬೇಕು? ಬೇರೆ ಕಡೆ ಮನೆ ಕೊಟ್ಟರೂ ಮಗು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಜೊತೆಗೆ ಬರುವುದಿಲ್ಲ ಅಲ್ವಾ? ಅದಕ್ಕೇ ಅಲ್ಲಿನವರನ್ನು ಮೊದಲೇ ಕೇಳಬೇಕು. 2014ರ ಕಾನೂನು ಇಂಥ ಬಡಾವಣೆಗಳಲ್ಲಿ ನಾಗರಿಕ ಸಮಿತಿ ಇರಲೇಬೇಕು ಎಂದಿತು. ನಿವಾಸಿಗಳನ್ನು ಚೀಟಿ ಎತ್ತಿಯೂ ಆರಿಸುತ್ತಾರೆ. ಒಳ್ಳೆಯ ಕ್ರಮ.

ಸುಮ್ನೆ ಲಿಂಕ್ ಫಾರ್ವರ್ಡ್ ಮಾಡಬೇಡಿ. ನಿಮ್ಮ ಅಭಿಪ್ರಾಯವನ್ನು ನಾಲ್ಕು ಸಾಲಾದರೂ ಬರೆಯಿರಿ. ಬರೆಯಲು ಕಷ್ಟ ಆಗುವವರು ಶನಿವಾರ ರಾತ್ರಿಯೊಳಗೆ ಧ್ವನಿ ಸಂದೇಶ ಕಳಿಸಿ.