ಮೈಲುತುತ್ತ ಮತ್ತು ನಿನ್ನ ಹೆದರಿಕೆ

ಶಿರಸಿ

ಚಿ. ಕೂಸಿಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿತು: ‘ಯೂರಿಯಾ, ಮೈಲುತುತ್ತ ಎಲ್ಲ ನಿರವಯವ. ವರ್ಷಾ ವರ್ಷ ಹಾಕಿದರೆ ಅಡಿಕೆ ತೋಟದ ಮಣ್ಣು ಸತ್ತೇ ಹೋಗೋದಿಲ್ವಾ?’

ರಸಾಯನಶಾಸ್ತ್ರದ ಲೆಕ್ಕಕ್ಕೆ ಯೂರಿಯಾ ಸಾವಯವವೇ. ಇಂಗಾಲ ಇರುವ ಅಣು, ಗೋಮೂತ್ರದಲ್ಲಿರುವುದೂ ಅದೇ. 1828ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಅದನ್ನು ಅಮೋನಿಯಂ ಸಯನೇಟ್ ಎಂಬ ಉಪ್ಪಿನಿಂದ ಮಾಡಿ ತೋರಿಸಿದ, ಮೂತ್ರಪಿಂಡದ ಹಂಗಿಲ್ಲದೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನಿರವಯವ, ಖರೆ. ಆದರೆ ಸಾವಯವ ಕೃಷಿಯ ನಿಯಮ ಯೂರಿಯಾ ಬೇಡ ಅನ್ನುತ್ತದೆ, ಮೈಲುತುತ್ತಕ್ಕೆ ಸುಣ್ಣ ಕೂಡಿಸಿದ ಕೊಳೆರೋಗದ ಮದ್ದು ಬೋರ್ಡೋ ದ್ರಾವಣವನ್ನು ಮಿತಿಯಿಟ್ಟು ಒಪ್ಪುತ್ತದೆ! ನಿನ್ನ ಹೆದರಿಕೆಯಲ್ಲಿ ಅರ್ಧ ‘ನಿರವಯವ’ ಎಂಬ ಈ ಶಬ್ದದ್ದು.

ಬೇರು ಸಗಣಿಯನ್ನು ಸಗಣಿಯಾಗಿ ಉಣ್ಣುವುದಿಲ್ಲ. ಬೆಟ್ಟದ ಸೊಪ್ಪು, ದರಕು ಕೊಳೆತು, ಅವುಗಳ ಪ್ರೋಟೀನು ಸೂಕ್ಷ್ಮಜೀವಿಗಳ ಬಾಯಲ್ಲಿ ಮುರಿದು ಅಮೋನಿಯಂ, ನೈಟ್ರೇಟ್ ಆದಮೇಲೆಯೇ ಸಾರಜನಕದ ಬಹುಪಾಲು ಬೇರಿಗೆ ಹೋಗುವುದು. ಮರ ಅದನ್ನು ಎಲೆಯ ಸಕ್ಕರೆಯೊಂದಿಗೆ ಸೇರಿಸಿ ಮತ್ತೆ ಪ್ರೋಟೀನು ಕಟ್ಟುತ್ತದೆ. ಪೊಟ್ಯಾಸಿಯಂ ಅಂತೂ ಯಾವ ಸಾವಯವ ಅಣುವಿನ ಭಾಗವೂ ಆಗದೆ, ಎಲೆರಂಧ್ರ ತೆರೆದು ಮುಚ್ಚುವ ಕೆಲಸ ಮಾಡಿ, ಸೋಗೆ ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ನಿರವಯವ ಅಂದಮಾತ್ರಕ್ಕೆ ಮಣ್ಣು ಸಾಯುವುದಿಲ್ಲ, ಕೂಸೇ. ಸೊಪ್ಪು ಬಿಟ್ಟು ಬರೀ ಯೂರಿಯಾ ಹಾಕಿದರೆ ಮಣ್ಣಿನ ಜೀವಿಗಳಿಗೆ ಇಂಗಾಲದ ಊಟವಿಲ್ಲ, ಸೊರಗುವುದು ಹಾಗೆ.

ಆದರೂ ನಿನ್ನ ಹೆದರಿಕೆ ಪೂರ್ತಿ ಸುಳ್ಳಲ್ಲ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ. ಮರದ ಉಸಿರಾಟದ ಕಿಣ್ವಕ್ಕೂ ತಾಮ್ರ ಬೇಕು, ಎಳ್ಳಿನಷ್ಟು. ಉಳಿದದ್ದು ಕೊಳೆಯುವುದಿಲ್ಲ, ಮೇಲ್ಮಣ್ಣಿಗೆ ಅಂಟಿ ಕೂರುತ್ತದೆ. ಹೆಚ್ಚಾದಲ್ಲಿ ಎರೆಹುಳು ನಿಲ್ಲುವುದಿಲ್ಲ. ಉಳಿದ ಮದ್ದನ್ನು ಒಂದೇ ಮೂಲೆಗೆ ಚೆಲ್ಲುತ್ತ ಬಂದೆನಲ್ಲ, ಆ ತಪ್ಪು ನನ್ನದೇ. ನೀನು ಬೇಕಾದಷ್ಟೇ ಕಲಸು, ಡ್ರಮ್ಮು ತೊಳೆದ ನೀರು ಹಳ್ಳಕ್ಕೆ ಹೋಗದಂತೆ ನೋಡಿಕೋ.

ಹೇಳಿದರೆ ಉಪದೇಶವಾಯಿತೇನೋ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಕದಡುತ್ತಾ ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿ, ತಿರುಗಾಮುರುಗಾ ಬೇಡ. ತಿಕ್ಕಿ ಹೊಳಪಾದ ಕಬ್ಬಿಣದ ಚಾಕು ಅದ್ದಿ ಒಂದು ನಿಮಿಷ ಹಿಡಿ. ಕೆಂಪಡರಿದರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ, ಅದು ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಹೊಳವಾದಾಗ ಇನ್ನೊಂದು ಸಲ, ಗೊನೆಗೆ ಮಾತ್ರ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬರುವ ದಿನವೇ ಕಲಸು, ಹಳಸಿದ ಮದ್ದು ಗೊನೆಗೆ ಹಿಡಿಯುವುದಿಲ್ಲ.

ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕದ ಶಿಫಾರಸು, ಯೂರಿಯಾದ ಲೆಕ್ಕದಲ್ಲಿ ಸುಮಾರು 217 ಗ್ರಾಂ. ಎರಡು ಕಂತು ಮಾಡು. ಜಡಿಮಳೆಯಲ್ಲಿ ಬೇಡ, ನೈಟ್ರೇಟು ಕೊಚ್ಚಿಹೋಗುತ್ತದೆ. ಆಗಷ್ಟೇ ಸುಣ್ಣ ಹಾಕಿದ ಬುಡಕ್ಕೂ ಬೇಡ. ಅಮೋನಿಯಾ ಹಾರಿಹೋದದ್ದು ಮೂಗಿಗೇ ತಿಳಿಯುತ್ತದೆ.

ನಿನ್ನ
ದೊಡ್ಡಪ್ಪ