ಒಂಬತ್ತನೇ ತರಗತಿಯ ರಾತ್ರಿ ವೀಕ್ಷಣೆ ಬಗ್ಗೆ

ಮಾನ್ಯ ಪೋಷಕರೇ, ನಮಸ್ಕಾರ.

ಹೋದ ವಾರದ ಸಭೆಯಲ್ಲಿ ಕೆಲವರು ನೇರವಾಗಿಯೇ ಕೇಳಿದಿರಿ. "ಒಂದು ಕಲ್ಲು ನೋಡೋಕೆ ರಾತ್ರಿ ಒಂದು ಗಂಟೆವರೆಗೆ ಯಾಕೆ ಮೇಡಂ? ಎಂಟರಿಂದ ಒಂಬತ್ತು ತೋರಿಸಿ ಕಳಿಸಿಬಿಡಿ." ಕೇಳಿದ್ದು ಒಳ್ಳೆಯದೇ ಆಯಿತು.

ಮೊದಲು ನಮ್ಮ ತಪ್ಪು. ರಾತ್ರಿ ವೀಕ್ಷಣೆಯ ಮರುದಿನವೇ ಗಣಿತದ ಕಿರುಪರೀಕ್ಷೆ ಇಡಬಾರದಿತ್ತು. ಮಕ್ಕಳು ತೂಕಡಿಸಿದ್ದಕ್ಕೆ ದಯವಿಟ್ಟು ಬೈಯಬೇಡಿ. ಇನ್ನು ಮೇಲೆ ಶನಿವಾರ ರಾತ್ರಿ ಮಾತ್ರ ವೀಕ್ಷಣೆ. ಆದರೆ ಹೊತ್ತು ಕಡಿಮೆ ಮಾಡಲು ಆಗುವುದಿಲ್ಲ.

ಮಕ್ಕಳು ನೋಡುತ್ತಿರುವುದು ಎರಾಸ್ ಎಂಬ ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ದೊಡ್ಡ ಕಲ್ಲು. ಅದು ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಲು ಎಷ್ಟು ಹೊತ್ತು ಬೇಕು ಎಂದು ಅಳೆಯುವುದೇ ಅವರ ಕೆಲಸ. ಉದ್ದ ಸುಮಾರು 34 ಕಿಲೋಮೀಟರ್, ಅಗಲ ಅದರ ಮೂರನೇ ಒಂದು ಪಾಲು. ನಮ್ಮ ಟೆಲಿಸ್ಕೋಪಿನಲ್ಲಿ ಬರೀ ಚುಕ್ಕೆ. ಆಕಾರ ಕಾಣದು, ಬೆಳಕಿನ ಏರಿಳಿತ ಮಾತ್ರ ಸಿಗುತ್ತದೆ. ಸೋರೆಕಾಯಿಯನ್ನು ದೀಪದ ಮುಂದೆ ತಿರುಗಿಸಿ ನೋಡಿ. ಉದ್ದನೆಯ ಮೈ ನಮ್ಮ ಕಡೆ ಬಂದಾಗ ಬೆಳಕು ಜಾಸ್ತಿ, ತುದಿ ಬಂದಾಗ ಕಡಿಮೆ. ಎರಾಸ್‌ನಲ್ಲಿ ಈ ವ್ಯತ್ಯಾಸ ಕೆಲವು ವರ್ಷ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. 1901ರಲ್ಲೇ ಒಪ್ಪೋಲ್ಸರ್ ಎಂಬ ಖಗೋಳಜ್ಞರು ಇದನ್ನು ಗಮನಿಸಿದ್ದರು. 2000ದಲ್ಲಿ ನಾಸಾದ ನಿಯರ್ ಶೂಮೇಕರ್ ನೌಕೆ ಹತ್ತಿರ ಹೋದಾಗ ಕಂಡದ್ದೂ ಉದ್ದುದ್ದ ಕಲ್ಲೇ.

ಮೊದಲ ರಾತ್ರಿ ನೀವು ಹೇಳಿದ ಹಾಗೆಯೇ ಬೇಗ, ಹತ್ತೂವರೆಗೆ ಮುಗಿಸಿದೆವು. ಬೆಳಕು ಏರಿತು, ಇಳಿಯಿತು, ಮತ್ತೆ ಏರಿತು. ನಡುವೆ 2 ಗಂಟೆ 38 ನಿಮಿಷ. "ಸಿಕ್ಕಿತು, ಇಷ್ಟೇ ಹೊತ್ತಿಗೆ ಒಂದು ಸುತ್ತು!" ಎಂದು ಮಕ್ಕಳು ಕುಣಿದರು. ತಪ್ಪು. ಒಂದು ಸುತ್ತಿನಲ್ಲಿ ಸೋರೆಕಾಯಿಯ ಉದ್ದನೆಯ ಮೈ ಎರಡು ಸಲ ಕಾಣುತ್ತದೆ, ಅಲ್ವಾ? ಅವರಿಗೆ ಸಿಕ್ಕಿದ್ದು ಅರ್ಧ ಸುತ್ತು. ಪೂರ್ತಿ ಸುತ್ತಿಗೆ 5 ಗಂಟೆ 16 ನಿಮಿಷ ಬೇಕು. ಎರಡು ಪಕ್ಕಗಳ ಏರಿಳಿತ ಒಂದೇ ಥರ ಇರುವುದಿಲ್ಲ. ಹಾಗಾಗಿ ಮೂರನೇ ಏರು ಮೊದಲನೆಯದನ್ನು ಹೋಲುತ್ತದಾ ಎಂದು ನೋಡಿದರೆ ಮಾತ್ರ ಒಂದು ಸುತ್ತು ಮುಗಿದದ್ದು ಖಾತ್ರಿ. ಒಂದು ಗಂಟೆಯಲ್ಲಿ ಸಿಗುವುದು ಒಂದು ಇಳಿಜಾರಿನ ಚೂರು. ನಿಮ್ಮ ಕಾಳಜಿ ನನಗೂ ಗೊತ್ತು, ನಾನೂ ತಾಯಿ. ಆದರೂ ಇಲ್ಲಿ ಅವಸರ ಮಾಡಿದರೆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ.

"ಉತ್ತರ ಮೊಬೈಲ್‌ನಲ್ಲೇ ಇದೆಯಲ್ಲ" ಎಂದರು ಒಬ್ಬ ತಂದೆ. ಇದೆ. ಗಣಿತದ ಉತ್ತರಗಳೂ ಪುಸ್ತಕದ ಕೊನೆಯಲ್ಲಿ ಇವೆ. ಹಾಗಂತ ಲೆಕ್ಕ ಬಿಡಿಸುವುದನ್ನು ನಿಲ್ಲಿಸಿದ್ದೇವಾ?

ಎರಡನೇ ರಾತ್ರಿ ಏಳರಿಂದ ಒಂದರವರೆಗೆ ಕೂತೆವು. ಎರಡು ನಿಮಿಷಕ್ಕೊಂದು ಫೋಟೊ. ಪ್ರತಿ ಫೋಟೊದಲ್ಲೂ ಪಕ್ಕದ ನಕ್ಷತ್ರದ ಜೊತೆ ಹೋಲಿಕೆ, ತೆಳು ಮೋಡ ಬಂದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ ಎಂದು. ಚೆನ್ನಾಗಿಯೇ ನಡೆದಿತ್ತು. ಮೂರನೇ ಏರು ಬರುವ ಹೊತ್ತಿಗೆ, ಒಂದಕ್ಕೆ ಕಾಲು ಗಂಟೆ ಮುಂಚೆ, ಮಕ್ಕಳನ್ನು ಕರೆದೊಯ್ಯಲು ಕಾರುಗಳು ಬಂದವು. ಹೆಡ್‌ಲೈಟ್ ನೇರ ಮಾಳಿಗೆ ಮೇಲೆ. ಬೇಕಾಗಿದ್ದ ಫೋಟೊಗಳೇ ಬೆಳ್ಳಗಾದವು. ಯಾರ ಕಾರು ಎಂದು ಕೇಳುವುದಿಲ್ಲ, ಪ್ರೀತಿಯಿಂದಲೇ ಬೇಗ ಬಂದಿದ್ದೀರಿ. ಆದರೆ ಈ ಶನಿವಾರ ಮತ್ತೆ ಕೂರುತ್ತಿರುವುದು ಅದಕ್ಕೇ.

ಹುಡುಗಿಯರಿಗೆ ಬೇರೆ ಕೊಠಡಿ ಇದೆ, ಇಬ್ಬರು ಶಿಕ್ಷಕಿಯರು ಜೊತೆಗಿರುತ್ತಾರೆ. ಮಲಗಿ ಬೆಳಿಗ್ಗೆ ಹೋಗುವವರೂ ಹೋಗಬಹುದು. ಒಪ್ಪಿಗೆ ಇಲ್ಲದ ಮಗುವನ್ನು ಖಂಡಿತ ಒತ್ತಾಯಿಸುವುದಿಲ್ಲ.

ರಾತ್ರಿ ಬರುವವರು ತಿರುವಿನಲ್ಲೇ ಗಾಡಿ ನಿಲ್ಲಿಸಿ ಲೈಟ್ ಆರಿಸಿ, ಗೇಟಿನವರೆಗೆ ನಡೆದು ಬನ್ನಿ.

ಸ್ವೆಟರ್, ಟೊಪ್ಪಿ ಮರೆಯಬೇಡಿ. ಮಾಳಿಗೆ ಮೇಲೆ ಗಾಳಿ ಜೋರು.

ಇಂತಿ,
ಮುಖ್ಯ ಶಿಕ್ಷಕಿ