ತಲೆನೋವಿನ ಮಗುವಿಗೆ ಕನ್ನಡಕವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ತಲೆನೋವೆಂದು ಮಕ್ಕಳನ್ನು ಕನ್ನಡಕಕ್ಕಾಗಿ ಕರೆತರುವ ಪೋಷಕರನ್ನು ನೇತ್ರವೈದ್ಯನಾಗಿ ದಿನವೂ ಕಾಣುತ್ತೇನೆ. ಬಹುಪಾಲು ಮಕ್ಕಳಿಗೆ ಗಾಬರಿಪಡುವಂಥದ್ದೇನೂ ಇರುವುದಿಲ್ಲ. ಆದರೆ ಬೆಳಗ್ಗೆ ಎದ್ದೊಡನೆ ತಲೆನೋವು, ಬೆನ್ನಿಗೇ ವಾಂತಿ, ವಾಂತಿಯಾದ ಮೇಲೆ ತುಸು ಆರಾಮ, ಹೀಗೆ ವಾರಗಟ್ಟಲೆ ನಡೆದಿದ್ದರೆ ಅದು ಮೆದುಳಿನ ಗೆಡ್ಡೆಯ ಸುಳಿವಿರಬಹುದು; ಪಿತ್ತವೆಂದು ಕಷಾಯ ಕುಡಿಸುತ್ತಾ ಕೂರುವುದು ಸಲ್ಲದು. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದಾಗ, ಕಣ್ಣಿನ ಹಿಂಬದಿಯಲ್ಲಿ ಕಾಣುವ, ಅಂಚು ಸ್ಪಷ್ಟವಾಗಿರಬೇಕಾದ ದೃಷ್ಟಿನರದ ಬಿಲ್ಲೆ ಉಬ್ಬಿ ಮಸುಕಾಗಿದ್ದರೆ, ತಲೆಬುರುಡೆಯೊಳಗೆ ಒತ್ತಡ ಏರಿರುವ ಶಂಕೆಯಿಂದ ತಡಮಾಡದೆ ಸ್ಕ್ಯಾನ್ ಮಾಡಿಸಬೇಕು. ಬಿಲ್ಲೆ ಸರಿಯಿದ್ದ ಮಾತ್ರಕ್ಕೆ ಗೆಡ್ಡೆಯಿಲ್ಲವೆಂದು ಹೇಳಲಾಗದು.

ಮಕ್ಕಳ ಕ್ಯಾನ್ಸರ್‌ಗಳಲ್ಲಿ ರಕ್ತಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಮೆದುಳಿನ ಗೆಡ್ಡೆಗಳೇ. ಆದರೂ ಹೆಸರು ಕೇಳಿದೊಡನೆ ಕೈಚೆಲ್ಲುವ ಕುಟುಂಬಗಳಿಗೆ, ಇವೆಲ್ಲ ಒಂದೇ ಕಾಯಿಲೆಯಲ್ಲವೆಂದು ಹೇಳುವವರೇ ಕಡಿಮೆ. ತಲೆಯ ಹಿಂಭಾಗದಲ್ಲಿದ್ದು ದೇಹದ ಸಮತೋಲ ಕಾಯುವ ಕಿರುಮೆದುಳಿನಲ್ಲಿ ಬೆಳೆಯುವ ಪಿಲೋಸೈಟಿಕ್ ಆಸ್ಟ್ರೋಸೈಟೋಮಾ ನಿಧಾನಗತಿಯದು. ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆಯಲಾದರೆ ಸಾಮಾನ್ಯವಾಗಿ ಬೇರೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಅದೇ ಜಾಗದಲ್ಲಿ ಹುಟ್ಟಿ ಹೆಚ್ಚುಕಡಿಮೆ ಅದೇ ಲಕ್ಷಣ ತೋರುವ ಮೆಡುಲ್ಲೋಬ್ಲಾಸ್ಟೋಮಾ ಮಾತ್ರ ಮೆದುಳು, ಬೆನ್ನುಹುರಿಗಳ ಸುತ್ತ ಹರಿಯುವ ದ್ರವದ ಮೂಲಕ ಬೆನ್ನುಹುರಿಗೂ ಹರಡಬಲ್ಲದು. ಹಾಗಾಗಿ ಶಸ್ತ್ರಚಿಕಿತ್ಸೆಯ ನಂತರ ಮೆದುಳಿಗೂ ಬೆನ್ನುಹುರಿಗೂ ವಿಕಿರಣ ಚಿಕಿತ್ಸೆ, ಜೊತೆಗೆ ಕೀಮೋಥೆರಪಿ ಬೇಕಾಗುತ್ತದೆ. ಬೆಳೆಯುವ ಮೆದುಳಿಗೆ ಹಾನಿಯಾಗುವುದರಿಂದ 3 ವರ್ಷದೊಳಗಿನ ಕೂಸುಗಳಲ್ಲಿ ಅಂಥ ವಿಕಿರಣವನ್ನು ಆದಷ್ಟೂ ತಪ್ಪಿಸುತ್ತಾರೆ. ಇಷ್ಟಾದರೂ ಇಂದು ಸಕಾಲಕ್ಕೆ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬದುಕುಳಿಯುತ್ತಾರೆ. ಎಪೆಂಡೈಮೋಮಾ ಎಂಬ ಇನ್ನೊಂದು ಬಗೆಯಲ್ಲಿ ಗೆಡ್ಡೆಯನ್ನು ಎಷ್ಟರಮಟ್ಟಿಗೆ ತೆಗೆಯಲಾಯಿತು ಎಂಬುದೇ ಮುಖ್ಯ. ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡದೊಳಗೆ ಹಬ್ಬುವ ಗ್ಲಯೋಮಾ ಎಂಬ ಗೆಡ್ಡೆ ಇಂದಿಗೂ ವೈದ್ಯರನ್ನು ಸೋಲಿಸುತ್ತಿದೆ ಎಂಬುದನ್ನೂ ಮುಚ್ಚಿಡಬಾರದು.

ನನ್ನಂಥವರ ಕಣ್ತಪ್ಪಬಾರದ ಇನ್ನೊಂದು ಗೆಡ್ಡೆ ಕ್ರೇನಿಯೋಫ್ಯಾರಿಂಜಿಯೋಮಾ. ಇದು ಕ್ಯಾನ್ಸರ್ ಅಲ್ಲ, ಆದರೆ ಬೆಳವಣಿಗೆಯನ್ನೂ ದೇಹದ ನೀರಿನ ಹದವನ್ನೂ ಕಾಯುವ ಪಿಟ್ಯುಟರಿ ಗ್ರಂಥಿಯ ಪಕ್ಕ ಬೆಳೆದು ಅದನ್ನೂ ದೃಷ್ಟಿನರವನ್ನೂ ಒತ್ತುತ್ತದೆ. ಪಕ್ಕದ ನೋಟ ಕುಂದಿದ ಮಗು ಪಕ್ಕದಲ್ಲಿರುವ ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ, ಓರಗೆಯವರಿಗಿಂತ ಎತ್ತರದಲ್ಲಿ ಹಿಂದೆ ಬೀಳುತ್ತದೆ, ಪದೇ ಪದೇ ನೀರು ಕೇಳುತ್ತದೆ. ಮನೆಯವರು ಈ ಮೂರನ್ನೂ ಒಂದಕ್ಕೊಂದು ಹೊಂದಿಸಿ ನೋಡುವುದು ಅಪರೂಪ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹೇಗೂ ಶಾಲೆ, ಅಂಗನವಾಡಿಗಳಿಗೆ ಬರುತ್ತವೆ. ಅಕ್ಷರಫಲಕ ಓದಿಸುವುದರ ಜೊತೆಗೆ, ಬೆಳಗಿನ ವಾಂತಿಯಿದೆಯೇ ಎಂದು ವಿಚಾರಿಸಿ, ಹೊಸದಾಗಿ ಬಂದ ಮೆಳ್ಳೆಗಣ್ಣನ್ನೋ ವಾಲಿದ ಕತ್ತನ್ನೋ ಗಮನಿಸಿ, ಮಗುವನ್ನು ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಲು ಆರೋಗ್ಯ ಇಲಾಖೆ ಸೂಚಿಸಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ.

– ನೇತ್ರವೈದ್ಯರೊಬ್ಬರು, ಚಿತ್ರದುರ್ಗ